ಅತ್ತರದವ್ವಾರ ಮೂಗು

ಬೆಳಿಗ್ಗೆ ಶಾಲೆಗೆ ಹೊರಟು ಓಣಿಯ ತಿರುವು ದಾಟುವುದರೊಳಗೆ ನನಗೆ ಸಿಟ್ಟು ಬಂದಿರುತ್ತದೆ. ಕಾರಣ ಹೇಳಿದರೆ ನೀವು ನಗುತ್ತೀರಿ. ತಂತಿಯ ಮೇಲೆ ಯಾರ ಸೀರೆ ಒಣಗುತ್ತಿರಲಿ, ಯಾರ ಲುಂಗಿ ಒಣಗುತ್ತಿರಲಿ, ಎಲ್ಲದಕ್ಕೂ ಒಂದೇ ವಾಸನೆ. ಸಾಬೂನು ಪುಡಿಯ ಪಾಕೀಟಿನ ಮೇಲೆ ಹೂವಿನ ಚಿತ್ರ ಇರುತ್ತದೆ, ಆದರೆ ಆ ವಾಸನೆ ಯಾವ ಹೂವಿನದೂ ಅಲ್ಲ, ಕಾರ್ಖಾನೆಯಲ್ಲಿ ತಯಾರಾದ ಕಸ್ತೂರಿಯದು. ಇದನ್ನು ನನಗೆ ತೋರಿಸಿಕೊಟ್ಟವರು ಪಕ್ಕದ ಮನೆಯ ಅತ್ತರದವ್ವಾರು. ತಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಗಾಳಿ ಬೀಸಿದಾಗೊಮ್ಮೆ ಮೂಗು ಮುರಿದು, "ಅಕ್ಕೋರ, ಇದಕ್ಕೂ ಕಸ್ತೂರಿ ಅಂತಾರಂತ. ಅಲಾಯಿ ಹಬ್ಬದಾಗ ಹುಲಿ ಬಣ್ಣ ಬಳಕೊಂಡಾಂವಗ ಖರೇ ಹುಲಿ ಅಂದಂಗಾತು" ಎನ್ನುತ್ತಿದ್ದರು.

ಈ ಶ್ರಾವಣದಲ್ಲಿ ಅವರು ಹೋದರು. ಈಗ ಆ ಕಟ್ಟೆಯ ಮೇಲೆ ಕೂತು ಹೀಗೆ ಬೈಯುವವರು ಯಾರೂ ಇಲ್ಲ. ನನಗೆ ಅವರು ಬೇಕಾಗಿದ್ದಾರೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಅದಕ್ಕೆ ಇಷ್ಟು ಮೊದಲೇ ಹೇಳಿಬಿಟ್ಟೆ.

ಅವರ ಹೆಸರು ನಮ್ಮ ಓಣಿಯಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಗಂಡನ ಮನೆಯವರು ಗಜೇಂದ್ರಗಡದಲ್ಲಿ ತಲೆಮಾರಿನಿಂದ ಅತ್ತರು ಮಾಡಿ ಮಾರುತ್ತಿದ್ದರು. ಮದುವೆಯಾದ ಮೇಲೆ ಗಂಡ ಬೇರೆ ಅಂಗಡಿ ಹಾಕಲು ರೋಣಕ್ಕೆ ಬಂದರಂತೆ, ಅಂದಿನಿಂದ ಇವರು ಅತ್ತರದವ್ವಾರು. ನಾನು ಈ ಊರಿಗೆ ವರ್ಗವಾಗಿ ಬರುವ ಹೊತ್ತಿಗೆ ಅವರ ಗಂಡ ತೀರಿಕೊಂಡಿದ್ದರು. ಮಗ ಅದೇ ಅಂಗಡಿಯಲ್ಲಿ ಸೆಂಟಿನ ಬಾಟ್ಲಿ, ಊದಿನಕಡ್ಡಿ, ಬಳೆ, ಪೌಡರು ಇಟ್ಟುಕೊಂಡಿದ್ದ. ಅಪ್ಪ ಅರೆದು ತಯಾರಿಸುತ್ತಿದ್ದ ಸರಕು ಅಂಗಡಿಯಲ್ಲಿ ಒಂದು ಹನಿಯೂ ಉಳಿದಿರಲಿಲ್ಲ.

ಮನೆ ಹಿಡಿದ ಮೊದಲ ದಿನ ಅವರ ಹತ್ತಿರ ಕುಡಿಯುವ ನೀರು ಕೇಳಲು ಹೋಗಿದ್ದೆ. ಅವರು ನನ್ನ ಮುಖ ನೋಡಲಿಲ್ಲ. ಕೊಡ ಹಿಡಿದ ಕೈಯನ್ನು ತಮ್ಮ ಕಡೆ ಎಳೆದುಕೊಂಡು ಮಣಿಕಟ್ಟನ್ನು ಮೂಸಿದರು. ನಾನು ಗಾಬರಿ. ಅವರು ಗಂಭೀರವಾಗಿ, "ಹೊಳೆಮಣ್ಣೂರ ಕಡೆಯವರೇನ್ರಿ? ಹೊಳಿ ಮಣ್ಣಿನ ವಾಸನಿ ಬರಾಕತ್ತೈತಿ" ಅಂದರು.

"ಇಲ್ರಿ, ನಮ್ದು ಶಿರೋಳ."

ಕೊಡವನ್ನು ನನ್ನ ಕೈಯಿಂದ ಇಸಿದುಕೊಂಡರು. ಸೋಲೊಪ್ಪುವ ಜೀವವಲ್ಲ. "ಶಿರೋಳ ಆದ್ರೇನಾತು, ಹೊಳಿ ಏನ ಭಾಳ ದೂರ ಐತೇನು? ನಿಮ್ಮ ಅಜ್ಜಿ ಹೊಳೆಮಣ್ಣೂರದಾಕಿ ಇರಬೇಕು. ಮನ್ಯಾಗ ಕೇಳಿ ನೋಡ್ರಿ" ಅಂದು ಕೊಡ ತುಂಬಿಸಿ ಕೊಟ್ಟರು. ನಾನು ಊರಿಗೆ ಫೋನು ಮಾಡಿ ಕೇಳಿಯೂ ಕೇಳಿದೆ. ನಮ್ಮ ಅಜ್ಜಿ ಹೊಳೆಮಣ್ಣೂರಿನ ಮುಖವನ್ನೇ ನೋಡಿರಲಿಲ್ಲ. ಹಾಗಂತ ಹೇಳಿದರೆ, "ಹಂಗಾದ್ರ ಅದು ಕೊಡದ ವಾಸನಿ" ಅಂದುಬಿಟ್ಟರು. ಅವರ ಮೂಗು ತಪ್ಪುತ್ತಿತ್ತು, ಆದರೆ ತಪ್ಪನ್ನು ಅವರು ಎಂದೂ ಮೂಗಿನ ಮೇಲೆ ಹಾಕಲಿಲ್ಲ.

ನನ್ನ ಗಂಡನಿಗೆ ನರಗುಂದದಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನ ಸಂಜೆ ಶಾಲೆಯಿಂದ ಬಂದು ಚಹಾ ಹಿಡಿದುಕೊಂಡು ಅವ್ವಾರ ಕಟ್ಟೆಗೆ ಹೋಗುವುದೇ ನನಗೆ ರೂಢಿಯಾಯಿತು. ವಯಸ್ಸಿನಲ್ಲಿ ನನ್ನ ತಾಯಿಗಿಂತ ಹಿರಿಯರು, ಆದರೂ ನನ್ನನ್ನು ಬಹುವಚನದಲ್ಲಿಯೇ ಮಾತನಾಡಿಸುವರು. ಬೇಡವೆಂದರೆ, "ಸಾಲಿ ಕಲಸೋರಿಗೆ ನೀ ಅಂದ್ರ ನಾಲಿಗಿ ಹೊಳ್ಳೂದಿಲ್ರಿ" ಎನ್ನುವರು. ಹಾಗೆಂದು ಗೌರವದ ಜೊತೆಗೆ ಬೈಗುಳಕ್ಕೇನೂ ಕಡಿಮೆ ಇರಲಿಲ್ಲ. ನಾನು ಒಮ್ಮೆ ಹೊಸ ಸೆಂಟು ಹಾಕಿಕೊಂಡು ಹೋದಾಗ, "ಅಕ್ಕೋರ, ದೂರ ಕುಂದರ್ರಿ, ಹಲ್ಲಿನ ದವಾಖಾನಿ ಬಂದಂಗಾತು" ಅಂದರು.

ಮದುವೆಗೆ ಅವರನ್ನು ಕರೆದುಕೊಂಡು ಹೋಗುವುದೆಂದರೆ ಮಗನಿಗೂ ಸೊಸೆಗೂ ಎದೆ ಢವಢವ. ನಮ್ಮ ಕಡೆ ಬಂದ ಮಂದಿಯ ಮುಂಗೈಗೆ ಅತ್ತರು ಸವರಿ, ಪನ್ನೀರು ಚಿಮುಕಿಸುವುದು ಮರ್ಯಾದೆ. ಈಗ ಬಾಗಿಲಲ್ಲಿ ಒಂದು ಹುಡುಗಿ ನಿಂತು ಡಬ್ಬಿಯಿಂದ ಸೆಂಟು ಬುಸ್ ಎಂದು ಹೊಡೆಯುತ್ತಾಳೆ. ಗಜೇಂದ್ರಗಡದ ಒಂದು ಮದುವೆಯಲ್ಲಿ ಹಾಗೆ ಹೊಡೆದಳು. ಅವ್ವಾರು ಕೈ ಮೂಸಿ, ಎಲ್ಲರಿಗೂ ಕೇಳುವಂತೆ, "ಯವ್ವಾ, ತಗಣಿ ಬಿದ್ದಾವೇನು ಮಂದಿ ಮೈಯಾಗ?" ಅಂದರು. ಬೀಗರು ನಕ್ಕರೋ, ಬಿಟ್ಟರೋ, ಸೊಸೆ ಮಾತ್ರ ಊಟ ಮುಗಿಯುವವರೆಗೆ ತಲೆ ಎತ್ತಲಿಲ್ಲ.

ಕಸ್ತೂರಿ ಅಂದರೆ ಏನು ಎಂದು ನಾನು ತಿಳಿದಿದ್ದೆಲ್ಲ ಪಾಠದ ಪುಸ್ತಕದ ಹಾಗೆ, ಬರೀ ಹೆಸರು. ಅದು ಹಿಮಾಲಯದ ಒಂದು ಗಂಡು ಜಿಂಕೆಯ ಹೊಕ್ಕುಳ ಹತ್ತಿರ ಗಂಟು ಕಟ್ಟುವ ವಸ್ತು ಎಂದು ಗೊತ್ತಿತ್ತು. ಅದು ನಾರುತ್ತದೆ ಎಂದು ಗೊತ್ತಿರಲಿಲ್ಲ. "ಹಸೀದು ಮೂಸಿದ್ರ ನೀವು ಓಡಿ ಹೋಗ್ತಿದ್ರಿ" ಎಂದು ಅವ್ವಾರು ನಗುತ್ತಿದ್ದರು. ಗಂಡ ಅದರ ಕಾಳುಗಳನ್ನೂ, ಬೆಕ್ಕಿನ ಜಾತಿಯ ಇನ್ನೊಂದು ಪ್ರಾಣಿಯಿಂದ ತೆಗೆಯುವ ಪುನುಗು ಎಂಬ ಬೆಣ್ಣೆಯಂಥ ವಸ್ತುವನ್ನೂ ಖಲು ಎಂಬ ಕಲ್ಲಿನ ಕುಟ್ಟಾಣಿಯಲ್ಲಿ ಹಾಕಿ, ಗಂಧದ ಎಣ್ಣೆ ಬಿಟ್ಟು ದಿನಗಟ್ಟಲೆ ಅರೆಯುತ್ತಿದ್ದರಂತೆ. ಆಮೇಲೆ ತೊಗಲಿನ ಕುಪ್ಪಿಯಲ್ಲಿ ತುಂಬಿ ಬಾಯಿ ಕಟ್ಟಿ ತಿಂಗಳುಗಟ್ಟಲೆ ಇಡುವರು. ಮೊದಲು ಆಡಿನ ಹಟ್ಟಿಯ ಹಾಗೆ ನಾರುವುದು, ಎಣ್ಣೆಯಲ್ಲಿ ಹರಡಿ ಹರಡಿ ಕೊನೆಗೆ ಮನುಷ್ಯರ ಮೈಯ ಬಿಸುಪಿನಂತಹ ಘಮವಾಗುತ್ತಿತ್ತು. ಎಷ್ಟು ಹಾಕಬೇಕು ಎಂದು ಕೇಳಿದರೆ, "ಹಾಕಿದ್ದು ಗೊತ್ತಾಗಬಾರ್ದು, ಹಾಕದಿದ್ರ ಗೊತ್ತಾಗಬೇಕು, ಅಷ್ಟು" ಎನ್ನುವರು.

ಮದುವೆಯಾಗಿ ಬಂದಾಗ ಅವರಿಗೂ ಆ ವಾಸನೆ ತಡೆಯಲಾಗಲಿಲ್ಲವಂತೆ. ಬೆಳಿಗ್ಗೆ ಎದ್ದು ಅರೆಯುವ ಕೋಣೆಯ ಮುಂದೆ ಹಾದರೆ ಸಾಕು, ಹಿತ್ತಲಿಗೆ ಓಡಿ ವಾಂತಿ. ಅತ್ತೆ ಎರಡು ದಿನ ನೋಡಿದರು, ಮೂರನೆಯ ದಿನ ಖುಷಿ ತಡೆಯಲಾರದೆ ಓಣಿಗೆಲ್ಲ ಸಕ್ಕರೆ ಹಂಚಿಬಿಟ್ಟರು. "ನಾ ಏನ ಹೇಳಲಿ ಅಕ್ಕೋರ, ಹೊಸದಾಗಿ ಬಂದಾಕಿ. ಇದು ಬಸರಲ್ರಿ ಅತ್ತಿ, ನಿಮ್ಮ ಮನಿ ವಾಸನಿ ಅಂತ ಹ್ಯಾಂಗ ಹೇಳೂದು? ಮುಂದ ವರ್ಷ ಮಗ ಹುಟ್ಟಿದಾಗ ಓಣಿ ಮಂದಿ, ಈ ಕೂಸು ಭಾಳ ದಿನ ಹೊಟ್ಟ್ಯಾಗಿತ್ತು ಅಂತ ಮಾತಾಡಿದ್ರು." ಇದನ್ನು ಹೇಳುವಾಗ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲುಗಾಡಿ ನಗುವರು. ಒಳಗಿನಿಂದ ಮಗ, "ಬೇ, ಸಾಕ ಮಾಡು" ಎಂದು ಕೂಗುವನು.

ಇನ್ನೊಂದು ಕಥೆ ಬಸ್ಸಿನದು. ರೋಣಕ್ಕೆ ಹೊಸದಾಗಿ ಬಂದ ಕಾಲ. ಗಂಡ-ಹೆಂಡತಿ ಗಜೇಂದ್ರಗಡದಿಂದ ಕುಪ್ಪಿ ತರುತ್ತಿದ್ದಾರೆ. ಕುಪ್ಪಿ ಇವರ ಮಡಿಲಲ್ಲಿ, ಸೆರಗಿನ ಕೆಳಗೆ. ದಾರಿಯಲ್ಲಿ ಅದು ಸೋರಿತು. ಬಸ್ಸಿನ ತುಂಬ ಹೋತದ ನಾತ, ಗುಸುಗುಸು. ಕಂಡಕ್ಟರ್ ಸೀಟುಗಳ ಕೆಳಗೆ ಒಂದೊಂದಾಗಿ ಬಗ್ಗಿ ನೋಡುತ್ತ ಬಂದ. "ಹ್ವಾತ ಯಾರು ತಂದೀರಿ? ಲಗೂ ಹೇಳ್ರಿ, ಅದಕ್ಕೂ ಟಿಕೇಟು ಐತಿ." ಹಿಂದಿನ ಸೀಟಿನ ಮುದುಕರೊಬ್ಬರು, "ಹ್ವಾತ ಇಲ್ಲೋ ಮಾರಾಯಾ, ಆ ಹೆಣ್ಣಮಗಳ ಕಡೆಯಿಂದ ಬರಾಕತ್ತೈತಿ" ಅಂದರು. ಅವ್ವಾರ ಗಂಡ ಬಹಳ ಮಿತಭಾಷಿ, ಅಂಗಡಿಗೆ ಬಂದ ಗಿರಾಕಿಯ ಜೊತೆಯೂ ಮಾತಾಡುತ್ತಿರಲಿಲ್ಲವಂತೆ. ಅಂಥವರು ನಡುಬಸ್ಸಿನಲ್ಲಿ ಎದ್ದು ನಿಂತು, "ಆಕೀ ವಾಸನಿ ಅಲ್ಲದು, ಕಸ್ತೂರಿ!" ಎಂದು ಕೂಗಿದರು. ಬಸ್ಸಿಗೆ ಬಸ್ಸೇ ನಕ್ಕಿತು. ನಗುನಗುತ್ತ ಇದನ್ನು ಹೇಳಿ ಮುಗಿಸಿ ಅವ್ವಾರು ಮಡಿಲ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತಿದ್ದರು. "ನನ್ನ ಸಲುವಾಗಿ ಅಷ್ಟು ದೊಡ್ಡ ದನಿ ತಗದಿದ್ದು ಅದೊಂದ ಸಲ ನೋಡ್ರಿ."

ಕಸ್ತೂರಿ ಜಿಂಕೆ ಕೊಲ್ಲಬಾರದೆಂದು ಕಾಯ್ದೆ ಬಂದ ಮೇಲೆ ಆ ಕಸುಬು ನಿಂತಿತು. ಮನೆಯಲ್ಲಿದ್ದ ಹಳೆಯ ಅತ್ತರನ್ನು ಮಾತ್ರ ಗಂಡ ಚೂರುಚೂರೇ ಗಂಧದ ಎಣ್ಣೆಗೆ ಕೂಡಿಸಿ, ಮಾರಲಿಕ್ಕಲ್ಲ, ತಮ್ಮ ಕೈಯ ಚಟಕ್ಕೆ ಎಂಬಂತೆ ಆಗಾಗ ಅರೆಯುತ್ತಿದ್ದರಂತೆ. ಅದೂ ಅವರ ಜೊತೆಗೇ ಮುಗಿಯಿತು. ಒಂದು ಸಂಜೆ ನಾನು ಮೊಬೈಲಿನಲ್ಲಿ ಆ ಜಿಂಕೆಯ ಚಿತ್ರ ತೆಗೆದು ತೋರಿಸಿದೆ. ಅಷ್ಟು ವರ್ಷ ಅದರ ಅನ್ನ ಉಂಡವರು ಅದನ್ನು ನೋಡಿಯೇ ಇರಲಿಲ್ಲ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಕೊಂಬಿಲ್ಲ, ಬಾಯಿಂದ ಎರಡು ಸಣ್ಣ ಕೋರೆ ಹಲ್ಲು, ಹೆದರಿದ ಕಣ್ಣು.

"ಇಷ್ಟ ಸಣ್ಣದೇನ್ರಿ ಇದು?" ಅಂದರು. "ನಾ ಎತ್ತಿನಷ್ಟು ಇರತೈತಿ ಅಂತ ತಿಳಕೊಂಡಿದ್ದೆ."

ಮೊಬೈಲಿಗೆ ಕೈ ಮುಗಿದರು. "ಕಾಯ್ದೆ ಬಂದಿದ್ದು ಚಲೋನ ಆತು. ನಮ್ಮ ಮನ್ಯಾಗ ಮೊಟ್ಟಿ ಹೆಸರು ಎತ್ತಂಗಿಲ್ಲ. ಆದ್ರ ಅಕ್ಕೋರ, ನಾವು ಪ್ರಾಣಿ ತಿನ್ನಲಿಲ್ಲ, ಮೂಸಿದಿವಿ. ಅದೂ ನಮ್ಮ ಲೆಕ್ಕಕ್ಕ ಬರತೈತಿ." ಆ ಸಂಜೆ ಅವರು ಚಹಾ ಕುಡಿಯಲಿಲ್ಲ.

ಅಂಥವರನ್ನು ನಾನು ಆಡಿನ ಸಂತೆಯಲ್ಲಿ ಕಂಡರೆ ನನಗೆ ಹೇಗಾಗಬೇಡ? ಮಳೆಗಾಲ ಶುರುವಾಗಿತ್ತು. ಸಂತೆಯ ದಿನ ಶಾಲೆ ಬೇಗ ಬಿಟ್ಟು, ತರಕಾರಿ ತರಲು ಹೊರಟಿದ್ದೆ. ಕುರಿ-ಆಡು ಕಟ್ಟುವ ಬಯಲಿನ ಅಂಚಿನಲ್ಲಿ ನಡೆಯುವಾಗ ಬಿಳಿ ಸೀರೆಯ ಒಬ್ಬ ಮುದುಕಿ ಒಂದು ದೊಡ್ಡ ಹೋತದ ಕುತ್ತಿಗೆಗೆ ಬಗ್ಗಿ ನಿಂತಿದ್ದು ಕಾಣಿಸಿತು. ಮದ ಬಂದ ಹೋತ, ಹತ್ತು ಮಾರು ಆಚೆಗೇ ಮೂಗು ಮುಚ್ಚಿಕೊಳ್ಳಬೇಕು, ಹಾಗೆ ನಾರುತ್ತಿತ್ತು. ಅದರ ಕೊಂಬಿನ ಹಿಂದೆ ಮುಖ ತಂದು, ಕಣ್ಣು ಮುಚ್ಚಿ ನಿಂತಿದ್ದವರು ನಮ್ಮ ಅತ್ತರದವ್ವಾರು.

ಆಡಿನ ಮಾಲೀಕ ಒಳ್ಳೆಯ ಗಿರಾಕಿ ಸಿಕ್ಕಿತೆಂದು ತಿಳಿದಿದ್ದ. ವಸ್ತ್ರದ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದು ಅಲ್ಲಿಯ ಪದ್ಧತಿ. ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಕೈಮೇಲೆ ಹಾಸಿದ. ಆಮೇಲೆ ಎದುರಿಗಿರುವುದು ಹೆಣ್ಣುಮಗಳು, ಅದೂ ಬಜಾರದ ದೊಡ್ಡ ಮನೆಯವರು ಎಂದು ಹೊಳೆದು ಲಗುಬಗೆಯಿಂದ ವಸ್ತ್ರ ಹಿಂದಕ್ಕೆ ತೆಗೆದುಕೊಂಡ. "ಅವ್ವಾರ, ನೀವು... ಹಬ್ಬಕ್ಕೇನ್ರಿ?" ಅಂದ ಮೆಲ್ಲಗೆ.

"ಹಬ್ಬನೂ ಇಲ್ಲ ಹುಣ್ಣಿವಿನೂ ಇಲ್ಲ. ನಿನ್ನ ಹ್ವಾತ ಭಾಳ ಚಲೋ ಐತಿ. ಮಾರಬ್ಯಾಡ" ಅಂದರು ಅವ್ವಾರು.

ಅವನು ಬೆಪ್ಪಾಗಿ ನಿಂತ. ನಾನು ಅವರ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ನನಗೆ ಸಿಟ್ಟು, ನಗು, ಹೆದರಿಕೆ ಎಲ್ಲ ಒಟ್ಟಿಗೇ ಬಂದಿದ್ದವು. "ಏನ್ರಿ ಅವ್ವಾರ ಇದು! ಯಾರರೆ ನೋಡಿದ್ರ ಏನ ತಿಳಕೊಂಡಾರು?"

"ನೋಡ್ಯಾರ. ಇವತ್ತೇನ ಹೊಸದಲ್ಲ, ಭಾಳ ಸಂತಿ ಆತು."

ದಾರಿಯಲ್ಲಿ ಒಂದು ಬೇವಿನ ಗಿಡದ ಕೆಳಗೆ ಕುಳಿತೆವು. ಅಲ್ಲಿ ಅವರು ಹೇಳಿದ್ದನ್ನು ನಾನು ಅವರ ಬಾಯಿಂದ ಮತ್ತೆ ಎಂದೂ ಕೇಳಲಿಲ್ಲ.

ಅವರ ಗಂಡನ ಮನೆಯಲ್ಲಿ ಒಂದು ಪದ್ಧತಿ ಇತ್ತು. ಕಸ್ತೂರಿ ಅರೆದ ಕೈಯನ್ನು ನೀರಿಗೆ ಹಾಕಬಾರದು. ಬೆರಳಿಗೆ ಹತ್ತಿದ್ದು ತೊಳೆದು ಮೋರಿಗೆ ಹೋದರೆ ಕಸುಬಿಗೆ ಒಳ್ಳೆಯದಲ್ಲ. ಅದಕ್ಕೆ ಅರೆದವನು ಎದ್ದ ಕೂಡಲೇ ಮನೆಯ ಹೆಣ್ಣುಮಗಳ ತಲೆಗೂದಲಿಗೆ ಕೈ ಒರೆಸಬೇಕು. ಅವಳು ಅವನ ತಾಯಿಯೋ ಹೆಂಡತಿಯೋ ಆಗಿರಬೇಕು. ಅತ್ತೆಗೆ ತಲೆನೋವು ಬರುತ್ತದೆಂದು ಮದುವೆಯಾದ ವರ್ಷದಿಂದ ಆ ಪಾಳಿ ಇವರಿಗೆ ಬಂತು.

"ಆಗಿನ ಕಾಲದಾಗ ಹಿರೇರ ಮುಂದ ಗಂಡ ಹೆಂಡ್ತಿ ಮುಖ ನೋಡಿ ಮಾತಾಡೂದಿರಲಿಲ್ಲ ಅಕ್ಕೋರ. ಮನಿ ತುಂಬ ಮಂದಿ. ಆದ್ರ ಇದು ಕಸುಬಿನ ಮಾತು, ಇದಕ್ಕ ಯಾರೂ ಏನೂ ಅನ್ನಂಗಿಲ್ಲ. ಅವರು ಅರೆಯೂದು ಮುಗಿಸಿ ಬಾಗಲಕ್ಕ ಬಂದು ನಿಂತು ಕೆಮ್ಮತಿದ್ರು. ನಾ ಹಿಟ್ಟಿನ ಕೈಲೆ ಇರಲಿ, ರೊಟ್ಟಿ ಹೊತ್ತಲಿ, ಎದ್ದು ಹೋಗಿ ಮುಂದ ಕುಂದರತಿದ್ದೆ. ಬೈತಲಿಯಿಂದ ತುರುಬಿನ ತನಕ ಹಿಂಗ, ಸಾವಕಾಶ, ಎರಡೂ ಕೈಲೆ. ಅತ್ತಿ ಎದುರಿಗೆ, ಮಾವ ಎದುರಿಗೆ, ಹಗಲಿನ್ಯಾಗ. ಬಾಯಿಲೆ ಒಂದು ಮಾತಿಲ್ಲ ಆ ಮನಶಾಗ. ಏನ ಹೇಳೂದಿತ್ತೋ ಅದರಾಗ ಇತ್ತು."

ಸಂತೆಯ ಕಡೆ ಮುಖ ತಿರುಗಿಸಿದರು. ಅತ್ತ ನೋಡುತ್ತಲೇ ಮುಂದುವರಿಸಿದರು.

"ಅವರು ಹೋದ ದಿನ ನನ್ನ ಕುಂದ್ರಿಸಿ ತಲಿ ಮ್ಯಾಲ ನೀರ ಹಾಕಿದ್ರು. ಬ್ಯಾಡ ಅನ್ನಬೇಕಂದೆ. ಬಾಯಿ ಬರಲಿಲ್ಲ. ಆಮ್ಯಾಲ ಮಗ ಮನಿಗೆ ಬಣ್ಣ ಹಚ್ಚಿಸಿದ. ಸೊಸಿ ಖಲು ತಿಕ್ಕಿ ತಿಕ್ಕಿ ತೊಳೆದು ಈಗ ಶೇಂಗಾ ಚಟ್ನಿ ಕುಟ್ಟತಾಳ. ಅವರದೇನ ತಪ್ಪು, ಸ್ವಚ್ಛ ಮಾಡೂದು ತಪ್ಪೇನು? ಆದ್ರ ಆ ವಾಸನಿ ಹೋತು. ಮೂಗಿಗೆ ನೆಪ್ಪಿಲ್ಲದಂಗ ಆಗಾಕತ್ತೈತಿ. ಮುಖ ನೆಪ್ಪೈತಿ, ಫೋಟೋ ಐತಿ. ವಾಸನಿಗೆ ಫೋಟೋ ಎಲ್ಲೈತಿ? ಒಂದ ದಿನ ಸಂತ್ಯಾಗ ಹಾದು ಹೋಗುವಾಗ ಈ ಹ್ವಾತದ ಗಾಳಿ ಬಂತು ನೋಡ್ರಿ. ಅದು ಅದಲ್ಲ. ಆದ್ರ ಅದರ ಬಾಗಲ ತನಕ ಒಯ್ದು ಬಿಡತೈತಿ. ಒಳಗ ಹೋಗಾಕ ಆಗೂದಿಲ್ಲ. ಸಾಯೂದರಾಗ ಒಮ್ಮೆರೆ ಒಳಗ ಹೋಗಬೇಕು ಅಂತ ನನ್ನ ಆಸೆ."

ಎದ್ದು ಸೀರೆ ಕೊಡವಿ, "ಆ ಕೈ ಒರಸೂ ಮಾತು ಯಾರ ಮುಂದನೂ ಆಡಬ್ಯಾಡ್ರಿ. ಮುದಿಕಿಗೆ ಎಂಥಾ ಹುಚ್ಚು ಅಂದಾರು" ಎಂದರು. ನಾನು ಆಡಲಿಲ್ಲ.

ಆದರೆ ರೋಣದಂಥ ಊರಿನಲ್ಲಿ ಸಂತೆಯ ಸುದ್ದಿ ಮನೆ ಮುಟ್ಟಲು ಎಷ್ಟು ಹೊತ್ತು? ಯಾರೋ ಗಿರಾಕಿ ಅಂಗಡಿಯಲ್ಲಿ ನಿಂತು, "ಏನ್ರಿ ಸಾವಕಾರ್ರ, ಈಗ ನಿಮ್ಮ ಮನ್ಯಾಗೂ ಹ್ವಾತದ ಊಟ ಶುರುವಾತೇನು?" ಎಂದು ನಕ್ಕನಂತೆ. ಮಗ ಅವತ್ತು ಮಧ್ಯಾಹ್ನವೇ ಅಂಗಡಿಯ ಕದ ಹಾಕಿ ಬಂದ. ಗೋಡೆಯ ಆಚೆಯಿಂದ ನನಗೆಲ್ಲ ಕೇಳುತ್ತಿತ್ತು.

"ಯವ್ವಾ, ನಿನಗೇನ ಕಡಿಮಿ ಮಾಡೀನಿ ಬೇ? ನಾಕ ಮಂದ್ಯಾಗ ತಲಿ ಎತ್ತದಂಗ ಮಾಡಿದಿ. ಆ ಹ್ವಾತದಾಗ ಏನೈತಿ?"

ಮಗನಿಗೆ ಹೇಳಬಹುದಾದ ಮಾತೇ ಅದು? ಅವ್ವಾರು ಇಷ್ಟೇ ಅಂದರು: "ಆತಪಾ, ಇನ್ನ ಹೋಗಂಗಿಲ್ಲ."

ಹೋಗಲೂ ಇಲ್ಲ. ಮಾತು ಅಂದರೆ ಮಾತು. ಸಂತೆಯ ದಿನ ಕಟ್ಟೆಯ ಮೇಲೆ ಕೂತು, ಆಡು ಹೊಡೆದುಕೊಂಡು ಹೋಗುವವರು ನಮ್ಮ ಓಣಿಯಿಂದ ಹಾದರೆ ಮೂಗು ಎತ್ತುವರು, ಅಷ್ಟೇ. ಮಗ ಕೆಟ್ಟವನಲ್ಲ, ಅದನ್ನು ನಾನು ಇಲ್ಲಿ ಹೇಳಲೇಬೇಕು. ತಾಯಿಗೆ ಯಾವುದೋ ವಾಸನೆಯ ಹಂಬಲ ಎಂದು ಅವನಿಗೆ ಅಂದಾಜಿತ್ತು. ಹೊಸ ಬಾಟ್ಲಿ ಬಂದಾಗಲೆಲ್ಲ ತಂದು, "ಇದನ್ನ ನೋಡು ಬೇ, ಇದರ ಮ್ಯಾಲ ಮಸ್ಕ್ ಅಂತ ಬರದೈತಿ, ಅಂದ್ರ ಕಸ್ತೂರಿನ" ಎಂದು ಅವರ ಕೈಗೆ ಹಚ್ಚುವನು. ಅವರು ಮೂಸಿ, ಅವನ ಮುಖ ನೋಡಿ, "ತೊಳದ ಅರಿವಿ ವಾಸನಿ ಐತಪಾ. ಚಲೋ ಐತಿ" ಎನ್ನುವರು. ಮಗ ಬಾಟ್ಲಿ ಮುಚ್ಚಿ ಒಳಗೆ ಹೋಗುವನು. ತನ್ನ ಅಂಗಡಿಯಲ್ಲಿ ಅಷ್ಟೊಂದು ವಾಸನೆ ಇಟ್ಟುಕೊಂಡವನು ತಾಯಿಗೆ ಬೇಕಾದ ಒಂದನ್ನು ಕೊಡಲಾಗದೆ ಹಾಗೆ ಹೋಗುವುದನ್ನು ನೋಡಲು ನನಗೂ ಕಷ್ಟವಾಗುತ್ತಿತ್ತು.

ಮರುವರ್ಷ ಬೇಸಿಗೆಯಲ್ಲಿ ಅವ್ವಾರು ಹಾಸಿಗೆ ಹಿಡಿದರು. ಬೇನೆ ಎಂದು ಹೆಸರಿಟ್ಟು ಹೇಳುವಂಥದ್ದೇನೂ ಇಲ್ಲ, ಊಟ ಕಡಿಮೆಯಾಯಿತು, ಕಾಲಲ್ಲಿ ಬಲ ಹೋಯಿತು. ಗದಗಿನ ಡಾಕ್ಟರರು ವಯಸ್ಸಿನ ಮೇಲೆ ಹಾಕಿ ಟಾನಿಕ್ಕು ಬರೆದುಕೊಟ್ಟರು. ಸೊಸೆ ಬಹಳ ಚೊಕ್ಕಟವಾಗಿ ನೋಡಿಕೊಂಡಳು. ದಿನಾ ಹಾಸಿಗೆ ಬದಲಿಸುವಳು, ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುವಳು. ಅವ್ವಾರು ಒಂದು ಸಂಜೆ ನನ್ನ ಕಿವಿಗೆ ಬಾಯಿ ತಂದು, "ಮೂಗು ಹೊಂಟೈತಿ ಅಕ್ಕೋರ. ಫಿನಾಯಿಲ್ ವಾಸನಿ ಸೈತ ಬರವಲ್ದು" ಅಂದರು. ಕಣ್ಣು ಹೋಗುತ್ತದೆ ಎಂದು ಹೇಳುವವರ ದನಿಯಲ್ಲಿ ಹೇಳಿದರು.

ಅಂದು ಹೊರಗೆ ಬಂದವಳೇ ಬಾಗಿಲಲ್ಲಿ ಮಗನನ್ನು ನಿಲ್ಲಿಸಿದೆ. ನಾನು ಶಾಲೆಯಲ್ಲಿ ಹುಡುಗರಿಗೆ ಹೇಳುವ ಹಾಗೆಯೇ ಹೇಳಿದೆ, ಬೇರೆ ರೀತಿ ನನಗೆ ಬರುವುದಿಲ್ಲ.

"ನೋಡ್ರಿ, ನಿಮ್ಮವ್ವ ಸಂತಿಗೆ ಹೋಗ್ತಿದ್ದದ್ದು ಆಡು ನೋಡಾಕಲ್ಲ. ಆ ಹ್ವಾತದ ವಾಸನಿ ನಿಮ್ಮಪ್ಪ ಅರೆಯೋ ಕಸ್ತೂರಿ ಹತ್ರ ಹತ್ರ ಬರತೈತಂತ. ಅದಕ್ಕ ಹೋಗ್ತಿದ್ರು. ಈಗ ಮೂಗೂ ಹೊಂಟೈತಿ ಅಂತಾರ. ನಿಮಗ ತಿಳಿದಂಗ ಮಾಡ್ರಿ."

ಇಷ್ಟೇ ಹೇಳಿದೆ. ಕೈಯ ಮಾತು ಎತ್ತಲಿಲ್ಲ. ಅವನು ಚಪ್ಪಲಿ ಕಳಚಿ ಗೋಡೆಗೆ ಸರಿಸಿ, "ಹೌದ್ರಿ ಅಕ್ಕೋರ" ಎಂದು ಒಳಗೆ ಹೋದ. ಮತ್ತೆ ಆ ವಿಷಯ ಅವನೂ ಆಡಲಿಲ್ಲ, ನಾನೂ ಆಡಲಿಲ್ಲ. ಮಳೆ ಬಂತು, ಶ್ರಾವಣ ಹತ್ತಿರ ಬಂತು. ಅವ್ವಾರು ಈಗ ಗಂಜಿಯನ್ನೂ ಎರಡು ಚಮಚೆಗೆ ಸಾಕು ಅನ್ನುತ್ತಿದ್ದರು.

ಅದೊಂದು ಸಂತೆಯ ದಿನ. ಮಧ್ಯಾಹ್ನ ನಾನು ಅವರ ತಲೆದಿಂಬಿನ ಹತ್ತಿರ ಕೂತಿದ್ದೆ. ಸೊಸೆ ಕಾಲ ಹತ್ತಿರ ಕೂತು ಎಣ್ಣೆ ತಿಕ್ಕುತ್ತಿದ್ದಳು. ಅವ್ವಾರು ಕಣ್ಣು ಮುಚ್ಚಿದ್ದರು, ನಿದ್ದೆಯೋ ಎಚ್ಚರವೋ ತಿಳಿಯುತ್ತಿರಲಿಲ್ಲ. ಮಗ ಬಾಗಿಲು ದಾಟಿ ಬರುವ ಮೊದಲೇ ವಾಸನೆ ಬಂತು. ಮದ ಬಂದ ಹೋತದ ವಾಸನೆ. ಇಸ್ತ್ರಿಯ ಬಿಳಿ ಅಂಗಿ ಮೊಣಕೈವರೆಗೆ ಮಡಚಿತ್ತು, ಕೈಗಳು ಜಿಡ್ಡುಜಿಡ್ಡಾಗಿ ಹೊಳೆಯುತ್ತಿದ್ದವು, ಎದೆಯ ಮೇಲೆ ಕಂದು ಕೂದಲು ಅಂಟಿದ್ದವು. ಎರಡೂ ಕೈಗಳನ್ನು ಯಾವುದಕ್ಕೂ ತಾಗದಂತೆ ಮುಂದಕ್ಕೆ ಹಿಡಿದುಕೊಂಡು, ಬಜಾರದ ನಡುವಿನಿಂದ, ಎಲ್ಲರೂ ನೋಡುವಂತೆ, ಅವನು ಹಾಗೆಯೇ ನಡೆದು ಬಂದಿದ್ದ.

"ಅಯ್ಯ ಶಿವನ, ಏನ್ರೀ ಇದು! ಕಾಲು ಕೈಯರೆ ತೊಳಕೋರಿ!" ಎಂದು ಸೊಸೆ ಎದ್ದಳು.

ಅವನು ಕೇಳಿಸಿಕೊಳ್ಳಲಿಲ್ಲ. ಹಾಸಿಗೆಯ ಹತ್ತಿರ ಬಂದು ನಿಂತು ಒಮ್ಮೆ ಕೆಮ್ಮಿದ.

ಅವ್ವಾರು ಕಣ್ಣು ತೆರೆಯಲಿಲ್ಲ. ಆದರೆ ದಿಂಬಿನ ಮೇಲೆ ತಲೆಯನ್ನು ಸ್ವಲ್ಪ ಮುಂದಕ್ಕೆ ತಂದರು. ಅವನು ಮಂಡಿಯೂರಿ ಕೂತು ಎರಡೂ ಕೈಗಳನ್ನು ಅವರ ಬೈತಲೆಯ ಮೇಲಿಟ್ಟು, ಸಾವಕಾಶವಾಗಿ, ತುರುಬಿನವರೆಗೆ ಒರೆಸಿದ. ಚಿಕ್ಕವನಿದ್ದಾಗ ಆ ಮನೆಯಲ್ಲಿ ಅವನೂ ಅದನ್ನು ನೋಡುತ್ತ ಬೆಳೆದಿದ್ದಾನೆಂದು ನನಗೆ ಆಗ ಹೊಳೆಯಿತು. ಸೊಸೆ ಎಣ್ಣೆಯ ಬಟ್ಟಲು ಹಿಡಿದುಕೊಂಡು ನಿಂತಲ್ಲೇ ನಿಂತಳು.

ಅವ್ವಾರು ದೀರ್ಘವಾಗಿ ಉಸಿರು ಎಳೆದುಕೊಂಡರು. ಬಿಟ್ಟರು. ಮತ್ತೊಮ್ಮೆ ಎಳೆದುಕೊಂಡರು.

"ಏನೂ ಬರವಲ್ದು" ಅಂದರು.

ಮಗನ ಮುಖ ಇಳಿದುಹೋಯಿತು. ಕೈ ಹಿಂದಕ್ಕೆ ತೆಗೆದುಕೊಂಡ. "ತಡಾ ಮಾಡಿದ್ನಿ ಬೇ. ನಾ ಭಾಳ ತಡಾ ಮಾಡಿದ್ನಿ" ಅಂದ.

ಅವ್ವಾರು ತಡಕಾಡಿ ಆ ಜಿಡ್ಡು ಕೈಯನ್ನು ಹಿಡಿದು ಮತ್ತೆ ತಮ್ಮ ತಲೆಯ ಮೇಲೆ ಇಟ್ಟುಕೊಂಡರು.

"ಮೂಗಿಂದು ಬಿಡು ತಮ್ಮಾ. ಕೈ ಅವರದ ಐತಿ. ಇನ್ನೊಮ್ಮಿ ಒರಸು."